ನಿರ್ಮಾಣ ಸುರಕ್ಷತೆಯ ಪರಿಭಾಷೆ

ನಿರ್ಮಾಣ ಸುರಕ್ಷತೆಯ ಪರಿಭಾಷೆ ಎಂದರೆ ಕಟ್ಟಡ, ಸೇತುವೆ, ರಸ್ತೆ ಮೊದಲಾದ ಕಾಮಗಾರಿಗಳಲ್ಲಿ ಅಪಘಾತಗಳನ್ನು ತಡೆಯುವುದಕ್ಕಾಗಿ ಬಳಕೆಯಲ್ಲಿರುವ ಪಾರಿಭಾಷಿಕ ಪದಗಳ ಸಮೂಹ. ಭಾರತದಲ್ಲಿ ಇವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನಿಂದ ಬಂದು ಹಾಗೆಯೇ ಉಳಿದಿವೆ. ಈ ಪದಗಳಲ್ಲಿ ಹಲವು ಮಾಡಬೇಕಾದ ಅಥವಾ ಮಾಡಬಾರದ ಒಂದು ಕೆಲಸವನ್ನು ಸೂಚಿಸುತ್ತವೆ. ಆದ್ದರಿಂದ ಹೊಸ ಕಾರ್ಮಿಕನು ಪದವನ್ನು ಕೇಳಿದ್ದರಷ್ಟೇ ಸಾಲದು, ಅದು ತನ್ನಿಂದ ಏನನ್ನು ಅಪೇಕ್ಷಿಸುತ್ತದೆ ಎಂಬುದನ್ನೂ ತಿಳಿದಿರಬೇಕಾಗುತ್ತದೆ.

ಮೂಲ ಪರಿಕಲ್ಪನೆಗಳು

ಹಜಾರ್ಡ್ ಮತ್ತು ರಿಸ್ಕ್: ಆಡುಗನ್ನಡದಲ್ಲಿ ಎರಡನ್ನೂ ‘ಅಪಾಯ’ ಎಂದೇ ಹೇಳುವುದರಿಂದ ಇವುಗಳ ವ್ಯತ್ಯಾಸ ಮರೆಯಾಗುತ್ತದೆ. ಹಾನಿಯನ್ನು ಉಂಟುಮಾಡಬಲ್ಲ ವಸ್ತು ಅಥವಾ ಸ್ಥಿತಿ ಹಜಾರ್ಡ್. ಇದನ್ನು ‘ಅಪಾಯದ ಮೂಲ’ ಎನ್ನಬಹುದು. ಆ ಮೂಲದಿಂದ ಹಾನಿಯಾಗುವ ಸಂಭವ ಎಷ್ಟು, ಆದರೆ ಅದರ ತೀವ್ರತೆ ಎಷ್ಟು ಎಂಬುದರ ಅಂದಾಜು ರಿಸ್ಕ್. ಲಿಫ್ಟಿಗಾಗಿ ಮೂರನೆಯ ಮಹಡಿಯಲ್ಲಿ ಬಿಟ್ಟ ತೆರೆದ ಗುಂಡಿ ಅಪಾಯದ ಮೂಲ. ಸಂಜೆಯ ಮಬ್ಬಿನಲ್ಲಿ ತಲೆಯ ಮೇಲೆ ಇಟ್ಟಿಗೆ ಹೊತ್ತವರು ಅದರ ಪಕ್ಕದಲ್ಲೇ ನಡೆಯಬೇಕಾದಾಗ ರಿಸ್ಕ್ ಹೆಚ್ಚುತ್ತದೆ. ಗುಂಡಿಯ ಸುತ್ತ ಗಟ್ಟಿ ಕಟಕಟೆ ಹಾಕಿದರೆ ರಿಸ್ಕ್ ತಗ್ಗುತ್ತದೆ. ಬಣ್ಣದ ಪಟ್ಟಿ ಕಟ್ಟಿದರೆ ಎಚ್ಚರಿಕೆ ನೀಡಿದಂತಾಗುತ್ತದೆಯೇ ಹೊರತು ಬೀಳುವವನನ್ನು ಅದು ತಡೆಯದು.

ಪಿಪಿಇ: ಹೆಲ್ಮೆಟ್, ಸುರಕ್ಷತಾ ಬೂಟು, ಕೈಗವಸು, ಕನ್ನಡಕ ಮುಂತಾದ ವೈಯಕ್ತಿಕ ರಕ್ಷಣಾ ಸಾಧನಗಳು. ಸುರಕ್ಷತಾ ಕ್ರಮಗಳ ಶ್ರೇಣಿಯಲ್ಲಿ ಇವು ಕೊನೆಯ ಮೆಟ್ಟಿಲು. ಅಪಾಯದ ಮೂಲವನ್ನೇ ನಿವಾರಿಸುವುದು ಮೊದಲನೆಯದು.

ನಿಯರ್ ಮಿಸ್: ಕೂದಲೆಳೆಯಲ್ಲಿ ತಪ್ಪಿದ ಅವಘಡ. ಮೇಲಿನಿಂದ ಬಿದ್ದ ಇಟ್ಟಿಗೆ ಯಾರಿಗೂ ತಾಗದಿದ್ದರೆ ‘ಸದ್ಯ, ಏನೂ ಆಗಲಿಲ್ಲ’ ಎಂದು ಮರೆಯುವುದು ವಾಡಿಕೆ. ಅದನ್ನು ಮೇಸ್ತ್ರಿಗೆ ಅಥವಾ ಸುರಕ್ಷತಾ ಅಧಿಕಾರಿಗೆ ತಿಳಿಸಿದರೆ ಮುಂದಿನ ಇಟ್ಟಿಗೆ ಬೀಳದಂತೆ ತಡೆಯಲು ಸಾಧ್ಯವಾಗುತ್ತದೆ.

ಎತ್ತರದ ಕೆಲಸ

ಎತ್ತರದಲ್ಲಿ ಕೆಲಸ ಮಾಡಲು ಕಟ್ಟುವ ತಾತ್ಕಾಲಿಕ ಅಟ್ಟಣೆಗೆ ಕನ್ನಡದಲ್ಲಿ ಸಾರವೆ ಎಂಬ ಹೆಸರಿದೆ. ಅದರ ಅಂಚಿನಲ್ಲಿ ಆಳು ಬೀಳದಂತೆ ಹಾಕುವ ಅಡ್ಡಕಂಬಿ ಗಾರ್ಡ್ ರೈಲ್. ಸಾಮಾನು ಜಾರದಂತೆ ಪಾದದ ಬಳಿ ನಿಲ್ಲಿಸುವ ಹಲಗೆ ಟೋ ಬೋರ್ಡ್. ಮೈಗೆ ತೊಡುವ ಪಟ್ಟಿಗಳ ಜೋಡಣೆ ಹಾರ್ನೆಸ್, ಅದರಿಂದ ಹೊರಟ ಕೊಕ್ಕೆಯುಳ್ಳ ಹಗ್ಗ ಲ್ಯಾನ್ಯಾರ್ಡ್, ಆ ಕೊಕ್ಕೆಯನ್ನು ಸಿಕ್ಕಿಸುವ ಭದ್ರವಾದ ಜಾಗ ಆ್ಯಂಕರ್. ಈ ಮೂರೂ ಸೇರಿದರೆ ಮಾತ್ರ ರಕ್ಷಣೆ. ಹಾರ್ನೆಸ್ ತೊಟ್ಟು ಕೊಕ್ಕೆ ಸಿಕ್ಕಿಸದವನು ಅದನ್ನು ತೊಡದವನಿಗೆ ಸಮಾನ. ಆ್ಯಂಕರ್ ಸಾಧ್ಯವಾದಷ್ಟು ತಲೆಗಿಂತ ಮೇಲಿರಬೇಕು. ಕೆಳಗಿದ್ದಷ್ಟೂ ಬೀಳುವ ದೂರ ಹೆಚ್ಚುತ್ತದೆ.

ನೆಲ ಅಗೆಯುವ ಕೆಲಸ

ಪಾಯ ಅಥವಾ ಕೊಳವೆ ಮಾರ್ಗಕ್ಕಾಗಿ ತೆಗೆದ ಕಂದಕದ ಗೋಡೆ ಕುಸಿಯದಂತೆ ಹಲಗೆ ಮತ್ತು ಅಡ್ಡತೊಲೆಗಳಿಂದ ಒತ್ತುಕೊಡುವುದು ಶೋರಿಂಗ್. ಗೋಡೆಯನ್ನು ಇಳಿಜಾರಾಗಿ ಕಡಿಯುವುದು ಸ್ಲೋಪಿಂಗ್, ಮೆಟ್ಟಿಲುಗಳಂತೆ ಕಡಿಯುವುದು ಬೆಂಚಿಂಗ್. 1.5 ಮೀಟರಿಗಿಂತ ಆಳವಾದ ಕಂದಕಕ್ಕೆ ಇಂತಹ ರಕ್ಷಣೆ ಅಗತ್ಯ. ಒಂದು ಘನಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ಅಥವಾ ಅದಕ್ಕಿಂತ ಹೆಚ್ಚು ತೂಗುತ್ತದೆ. ಎದೆಯವರೆಗೆ ಹೂತವನು ತಲೆ ಹೊರಗಿದ್ದರೂ ಉಸಿರಾಡಲಾರದೆ ಸಾಯಬಹುದು.

ಅನುಮತಿ ಮತ್ತು ಸೂಚನೆ

* ವರ್ಕ್ ಪರ್ಮಿಟ್: ಬೆಸುಗೆ, ಎತ್ತರದ ಕೆಲಸ, ಮ್ಯಾನ್‌ಹೋಲ್ ಪ್ರವೇಶ ಮೊದಲಾದವುಗಳಿಗೆ ಮುಂಚಿತವಾಗಿ ಪಡೆಯುವ ಲಿಖಿತ ಅನುಮತಿ.
* ಲಾಕ್‌ಔಟ್–ಟ್ಯಾಗ್‌ಔಟ್: ದುರಸ್ತಿಯ ವೇಳೆ ಯಾರೂ ವಿದ್ಯುತ್ ಹಾಯಿಸದಂತೆ ಸ್ವಿಚ್ಚಿಗೆ ಬೀಗ ಹಾಕಿ ಚೀಟಿ ತೂಗುಹಾಕುವುದು.
* ಟೂಲ್‌ಬಾಕ್ಸ್ ಟಾಕ್: ಕೆಲಸ ಆರಂಭಿಸುವ ಮೊದಲು ಅಂದಿನ ಅಪಾಯಗಳ ಕುರಿತು ನಡೆಯುವ ಕಿರುಸಭೆ.

ಫಲಕಗಳಲ್ಲಿ ಅಡ್ಡಗೆರೆಯುಳ್ಳ ಕೆಂಪು ವೃತ್ತ ನಿಷೇಧವನ್ನು, ನೀಲಿ ವೃತ್ತ ಕಡ್ಡಾಯವನ್ನು, ಹಳದಿ ತ್ರಿಕೋನ ಎಚ್ಚರಿಕೆಯನ್ನು, ಹಸಿರು ಫಲಕ ಪಾರಾಗುವ ದಾರಿ ಅಥವಾ ಪ್ರಥಮ ಚಿಕಿತ್ಸೆಯನ್ನು ಸೂಚಿಸುತ್ತವೆ. ಅಕ್ಷರ ಬಾರದವರಿಗೂ ಈ ಗುರುತುಗಳು ಅರ್ಥವಾಗುತ್ತವೆ.

ಕಾನೂನು ಮತ್ತು ಭಾಷೆ

ಭಾರತದಲ್ಲಿ ಕಟ್ಟಡ ಕಾರ್ಮಿಕರ ಸುರಕ್ಷತೆಗಾಗಿ 1996ರಲ್ಲಿ ಪ್ರತ್ಯೇಕ ಕಾಯ್ದೆ ರೂಪುಗೊಂಡಿತು; 1998ರಲ್ಲಿ ಕೇಂದ್ರ ನಿಯಮಗಳು ಬಂದವು. ಸಂಸತ್ತು 2020ರಲ್ಲಿ ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ಈ ಕಾಯ್ದೆಯನ್ನು ತನ್ನಲ್ಲಿ ಸೇರಿಸಿಕೊಂಡಿದೆ. ಕೆಲಸದ ಸುರಕ್ಷತೆಯ ಕುರಿತು ಮಾಲೀಕನಿಂದ ಮಾಹಿತಿ ಪಡೆಯುವ ಹಕ್ಕನ್ನು ಈ ಸಂಹಿತೆಯು ಕಾರ್ಮಿಕನಿಗೆ ನೀಡುತ್ತದೆ.

ಆ ಹಕ್ಕು ಸಾರ್ಥಕವಾಗುವುದು ಮಾಹಿತಿ ಅರ್ಥವಾದಾಗ. ಬೆಂಗಳೂರಿನಂತಹ ನಗರಗಳ ಕಾಮಗಾರಿಗಳಲ್ಲಿ ಕನ್ನಡಿಗರೊಂದಿಗೆ ತೆಲುಗು, ತಮಿಳು, ಹಿಂದಿ, ಬಂಗಾಳಿ, ಒಡಿಯಾ ಮಾತನಾಡುವವರೂ ದುಡಿಯುತ್ತಾರೆ. ಹೇಳಿದ್ದನ್ನು ಕೇಳಿದವನು ತನ್ನ ಮಾತಿನಲ್ಲಿ ಮರಳಿ ಹೇಳುವುದು, ಇಲ್ಲವೇ ಮಾಡಿ ತೋರಿಸುವುದು ಅರ್ಥವಾಗಿದೆಯೆಂದು ಖಚಿತಪಡಿಸಿಕೊಳ್ಳುವ ಸರಳ ವಿಧಾನ. ತಿಳಿಯದ ಪದದ ಅರ್ಥವನ್ನು ಕೆಲಸ ಆರಂಭಿಸುವ ಮೊದಲೇ ಕೇಳುವುದು ಸುರಕ್ಷತಾ ಕ್ರಮಗಳಲ್ಲಿ ಒಂದು.