ಗಾಜಿನ ತೊಟ್ಟಿಯೊಳಗೊಂದು ಹವಳದ ದಿಬ್ಬ

ಮೈಸೂರಿನಲ್ಲಿ ಬೆಳೆದ ನನಗೆ ಹವಳವೆಂದರೆ ಅಜ್ಜಿಯ ಕೊರಳಿನ ಕೆಂಪು ಸರ. ಇಲ್ಲವೇ ಕುಜದೋಷಕ್ಕೆಂದು ಜೋಯಿಸರು ಹೇಳಿ ತೊಡಿಸುತ್ತಿದ್ದ ಉಂಗುರದ ಹರಳು. ಅದು ಜೀವಿಯೊಂದು ಕಟ್ಟಿದ ಗೂಡೆಂದು ಶಾಲೆಯಲ್ಲಿ ಓದಿದ್ದೆನಾದರೂ ಮನಸ್ಸಿಗೆ ಇಳಿದಿರಲಿಲ್ಲ. ಆಭರಣದ ಹವಳಕ್ಕೆ ದೂರದ ಬಂಧುವಾದ, ದಿಬ್ಬ ಕಟ್ಟುವ ಹವಳವು ಎಳೆಬೆರಳುಗಳನ್ನು ಚಾಚಿ ಆಹಾರ ಹಿಡಿಯುವುದನ್ನು ನಾನು ಕಣ್ಣಾರೆ ಕಂಡದ್ದು ಕಡಲಿನಿಂದ ನೂರಾರು ಮೈಲಿ ದೂರದ ಓಹಾಯೋದಲ್ಲಿ, ನಮ್ಮದೇ ಮನೆಯ ನೆಲಮಾಳಿಗೆಯಲ್ಲಿ.

ತೊಟ್ಟಿ 75 ಗ್ಯಾಲನ್ನಿನದು, ನಾಲ್ಕು ಅಡಿ ಉದ್ದ. ಅದರ ನೀರೇ ಸುಮಾರು 640 ಪೌಂಡು ತೂಗುತ್ತದೆ. ಕಲ್ಲು, ಮರಳು, ಗಾಜು ಬೇರೆ. ಆದುದರಿಂದ ಮಹಡಿಯ ಮೇಲಿಡುವ ಆಸೆಯನ್ನು ಬಿಟ್ಟು ಕಾಂಕ್ರೀಟಿನ ನೆಲವನ್ನು ಆರಿಸಿಕೊಂಡೆ. ಖರ್ಚಿನ ಮಾತನ್ನು ಇಲ್ಲಿ ಎತ್ತುವುದಿಲ್ಲ. ಈ ಸಂಚಿಕೆಯನ್ನು ನನ್ನ ಹೆಂಡತಿಯೂ ಓದುವವಳಿದ್ದಾಳೆ.

ನಲ್ಲಿಯ ನೀರು ಇದಕ್ಕೆ ಒಗ್ಗದು. ಅದರಲ್ಲಿರುವ ಕ್ಲೋರಿನ್ ಮೀನಿಗೆ ವಿಷ. ತಾಮ್ರವು ಲೇಶಮಾತ್ರವಿದ್ದರೂ ಸೀಗಡಿ, ಹವಳಗಳಿಗೆ ಮೃತ್ಯು. ಸೋಸಿ ಶುದ್ಧಗೊಳಿಸಿದ ನೀರಿಗೆ ಗ್ಯಾಲನ್ನಿಗೆ ಅರ್ಧ ಬಟ್ಟಲಿನಂತೆ, ಇದಕ್ಕೆಂದೇ ತಯಾರಿಸಿದ ಸಮುದ್ರದುಪ್ಪನ್ನು ಕಲಸಿ, ಸಾಪೇಕ್ಷ ಸಾಂದ್ರತೆ 1.025ಕ್ಕೆ ಬರುವಂತೆ ನೋಡಿಕೊಳ್ಳಬೇಕು. ಉಷ್ಣತೆ 78 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿರಬೇಕು.

ಇಷ್ಟಾದರೂ ಅದು ಬರಿಯ ಉಪ್ಪುನೀರೇ ಹೊರತು ಕಡಲಲ್ಲ. ಹಾಲಿಗೆ ಹೆಪ್ಪು ಹಾಕುವಂತೆ, ಹಳೆಯ ತೊಟ್ಟಿಯೊಂದರಿಂದ ತಂದ ಸೂಕ್ಷ್ಮಜೀವಿಗಳು ನೆಲಸಿರುವ ಕಲ್ಲನ್ನು ಅದರಲ್ಲಿಟ್ಟು ಕಾಯಬೇಕು. ಈ ಸೂಕ್ಷ್ಮಜೀವಿಗಳಿಗೆ ಆಹಾರವಾಗಲೆಂದು ಹಸಿ ಸೀಗಡಿಯ ತುಂಡೊಂದನ್ನು ನೀರಿನಲ್ಲಿ ಕೊಳೆಯಲು ಬಿಡಬೇಕಾಯಿತು. ಸಸ್ಯಾಹಾರಿಗಳ ಮನೆಯಲ್ಲಿ ಇದು ಎಬ್ಬಿಸಿದ ಕೋಲಾಹಲವನ್ನು ಓದುಗರೇ ಊಹಿಸಿಕೊಳ್ಳಲಿ! ಕೊಳೆತದ್ದರಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟಾಗಿಯೂ, ಮತ್ತೊಂದು ಬಗೆಯದು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಇವು ಬೇರೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಪರೀಕ್ಷೆಯ ನಳಿಕೆಯಲ್ಲಿ ಅಮೋನಿಯಾದ ಹಸಿರು ಬಣ್ಣ ಹೋಗಿ ಹಳದಿ ಉಳಿಯುವವರೆಗೂ ಮೀನನ್ನು ತರುವಂತಿಲ್ಲ.

ನಾನು ಎರಡನೆಯ ವಾರದಲ್ಲೇ ತಂದೆ. 2003ರಲ್ಲಿ ತೆರೆಕಂಡ ‘ಫೈಂಡಿಂಗ್ ನೀಮೊ’ ಚಿತ್ರವನ್ನು ಬಾಯಿಪಾಠ ಮಾಡಿಕೊಂಡಿದ್ದ ಎಂಟು ವರ್ಷದ ಮಗಳಿಗೆ ಅದರಲ್ಲಿ ಬರುವ ನೀಲಿ ಮೀನು, ಬ್ಲೂ ಟ್ಯಾಂಗ್, ಬೇಕೇಬೇಕಿತ್ತು. ಅದು ಬೆಳೆದರೆ ಒಂದು ಅಡಿಯಷ್ಟಾಗುತ್ತದೆ. ನಮ್ಮ ತೊಟ್ಟಿಯ ಎರಡರಷ್ಟಾದರೂ ಜಾಗ ಬೇಡುತ್ತದೆ. ಮೂರು ದಿನ ಬದುಕಿತು. ಹಿತ್ತಲಿನ ಮೇಪಲ್ ಮರದಡಿ ಮಣ್ಣು ಮಾಡಿ ಬಂದ ಮೇಲೆ ಮಗಳು ಕೇಳಿದಳು: “ಅಪ್ಪಾ, ನೀರು ಇನ್ನೂ ರೆಡಿ ಆಗಿಲ್ಲ ಅಂತ ನಿಮಗೆ ಗೊತ್ತಿತ್ತಾ?” ಗೊತ್ತಿತ್ತು. ನಳಿಕೆ ಹಸಿರಾಗಿಯೇ ಇತ್ತು.

ಆ ಮೀನು ಬಹುಮಟ್ಟಿಗೆ ಕಡಲಿನಿಂದಲೇ ಹಿಡಿದು ತಂದುದು. ಮಾನವನ ಆರೈಕೆಯಲ್ಲಿ ಅದರ ಮರಿಗಳನ್ನು ಬೆಳೆಸಲು ವಿಜ್ಞಾನಿಗಳಿಗೆ ಸಾಧ್ಯವಾದದ್ದು 2016ರಲ್ಲಿ. ಫಿಲಿಪ್ಪೀನ್ಸ್ ಮೊದಲಾದ ಕಡೆ ಸಯನೈಡನ್ನು ಚಿಮುಕಿಸಿ, ಮಂಪರುಗೊಂಡ ಮೀನುಗಳನ್ನು ಹಿಡಿಯುವ ಕ್ರೂರ ಪದ್ಧತಿಯೂ ಉಂಟು. ಅದರಿಂದ ಸುತ್ತಲ ಹವಳವೂ ಸಾಯುತ್ತದೆ. ಹೀಗಾಗಿ ಎರಡನೆಯ ಬಾರಿ ಸಾಕಣೆಯಲ್ಲೇ ಹುಟ್ಟಿದ ಕ್ಲೌನ್ ಮೀನಿನ ಜೋಡಿಯನ್ನು ತಂದೆವು. ಇವೆಲ್ಲವೂ ಮೊದಲು ಗಂಡಾಗಿಯೇ ಬೆಳೆದು, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಮೊಟ್ಟೆಗೆ ಕಾವಲಿರುವ ಕೆಲಸ ಹೆಚ್ಚಾಗಿ ಗಂಡಿನದು. ನಮ್ಮ ಮನೆಯ ಹೆಂಗಸರಿಗೆ ಈ ಏರ್ಪಾಡು ಬಹಳ ಮೆಚ್ಚಿಗೆಯಾಯಿತು.

ಹವಳಗಳು ಬಂದದ್ದು ಆರು ತಿಂಗಳ ನಂತರ. ದಿಬ್ಬದ ಹವಳಗಳ ಅಂಗಾಂಶದೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಅವು ಬೆಳಕಿನಿಂದ ತಯಾರಿಸುವ ಆಹಾರದಲ್ಲಿ ಆಶ್ರಯ ಕೊಟ್ಟ ಜೀವಿಗೂ ಪಾಲುಂಟು. ಆದುದರಿಂದಲೇ ತಕ್ಕ ದೀಪ ಅತ್ಯಗತ್ಯ.

ಮುಂದಿನ ಚಳಿಗಾಲದಲ್ಲಿ ತಂದೆಯವರಿಗೆ ಕಾಯಿಲೆಯೆಂದು ನಾವೆಲ್ಲ ಇಪ್ಪತ್ತು ದಿನ ಮೈಸೂರಿಗೆ ಹೋಗಬೇಕಾಯಿತು. ಮಂಡ್ಯದ ಕಡೆಯ ಗೆಳೆಯರೊಬ್ಬರಿಗೆ ಬೀಗದ ಕೈ ಕೊಟ್ಟು, “ದಿನಾ ಒಂದು ಗ್ಯಾಲನ್ ಆವಿಯಾಗುತ್ತೆ, ಅಷ್ಟು ನೀರು ಹಾಕಿ” ಎಂದಿದ್ದೆ. ಪಕ್ಕದಲ್ಲಿ ಒಂದೇ ತೆರನಾದ ಎರಡು ಪೀಪಾಯಿಗಳು: ಒಂದರಲ್ಲಿ ಶುದ್ಧ ನೀರು, ಇನ್ನೊಂದರಲ್ಲಿ ನೀರು ಬದಲಿಸಲೆಂದು ಕಲಸಿಟ್ಟ ಉಪ್ಪುನೀರು. ಅವರು ರುಚಿ ನೋಡಿ, ಯೋಚಿಸಿ, ಉಪ್ಪುನೀರನ್ನೇ ಹಾಕಿದರು. “ಸಮುದ್ರದ ಮೀನಿಗೆ ಉಪ್ಪುನೀರೇ ತಾನೇ ಬೇಕು, ಸ್ವಾಮಿ?” ಎಂಬ ಅವರ ಪ್ರಶ್ನೆಯಲ್ಲಿ ತಪ್ಪೇನಿದೆ? ಒಲೆಯ ಮೇಲೆ ಸಾರು ಬತ್ತಿದರೆ ನೀರು ಆರಿ ಉಪ್ಪು ಉಳಿಯುತ್ತದೆ. ಆಗ ಬೆರೆಸುವುದು ಬರಿಯ ನೀರನ್ನೇ. ತೊಟ್ಟಿಗೂ ಅದೇ ನ್ಯಾಯವೆಂದು ಅವರಿಗೆ ಹೇಳದೆ ಹೋದವನು ನಾನು.

ಹಿಂದಿರುಗಿದಾಗ ಸಾಂದ್ರತೆ 1.033ಕ್ಕೆ ಏರಿತ್ತು. ಮೀನುಗಳು ಹೇಗೋ ಬದುಕಿದ್ದವು. ಸೀಗಡಿಗಳು, ಬಸವನಹುಳುಗಳು ಸತ್ತಿದ್ದವು. ಹವಳಗಳು ಮುದುಡಿ ಕಲ್ಲಿಗಂಟಿದ್ದವು. ತಟ್ಟನೆ ಸಿಹಿನೀರು ಸುರಿದು ಸರಿಪಡಿಸುವ ತವಕವೇನೋ ಬಂದಿತು. ಆದರೆ ಏರಿದ್ದನ್ನು ಒಮ್ಮೆಲೇ ಇಳಿಸಿದರೆ ಉಳಿದವೂ ಸಾಯುತ್ತವೆ. ದಿನಕ್ಕೆ 0.001ರಂತೆ ಇಳಿಸುತ್ತ ಎಂಟು ದಿನ ಕಳೆದೆ. ಪ್ರತಿದಿನ ಸಂಜೆ ಅಂಕಿಯನ್ನು ಓದಿ ಬರೆದಿಟ್ಟವಳು ಮಗಳು. ಹದಿನಾಲ್ಕು ಹವಳಗಳಲ್ಲಿ ಒಂಬತ್ತು ಮತ್ತೆ ಅರಳಿದವು.

ಈಗ ಪೀಪಾಯಿಗಳ ಮೇಲೆ ದಪ್ಪಕ್ಷರದಲ್ಲಿ ‘ಸಿಹಿ’, ‘ಉಪ್ಪು’ ಎಂದು ಬರೆದಿದೆ. ಬರೆದವಳು ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಮಗಳೇ. ಹವಳಗಳು ಬೆಳೆದು ಕವಲೊಡೆದಿವೆ. ಕರಿಬೇವಿನ ಸಸಿಯನ್ನೂ ಮಲ್ಲಿಗೆಯ ಕಡ್ಡಿಯನ್ನೂ ನಾವು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವಂತೆ ಹವಳದ ಕವಲನ್ನೂ ಕತ್ತರಿಸಿ ಕಲ್ಲಿಗೆ ಅಂಟಿಸಿ ಕೊಡಬಹುದು. ಅದು ಅಲ್ಲೇ ಹಬ್ಬುತ್ತದೆ, ಕಡಲನ್ನು ಕೆದಕಬೇಕಾಗಿಲ್ಲ. ಮೊದಲ ಕವಲನ್ನು ಮಂಡ್ಯದ ಗೆಳೆಯರಿಗೇ ಎತ್ತಿಟ್ಟಿದ್ದೇವೆ. ಅವರು 20 ಗ್ಯಾಲನ್ನಿನ ತೊಟ್ಟಿ ಹೂಡಿ ಎರಡು ವಾರವಾಯಿತು. “ಮೀನು ಯಾವಾಗ ತರೋಣ?” ಎಂದು ದಿನಕ್ಕೆರಡು ಸಲ ಫೋನು ಮಾಡುತ್ತಾರೆ. ನಳಿಕೆಯ ಬಣ್ಣ ಏನೆಂದು ಮೊದಲು ವಿಚಾರಿಸುವವಳು ಮಗಳು.