ಪಾತ್ರವರಿತ ದಾನ

ದಾನವೆಂದರೆ ಕೊಡುವುದಷ್ಟೇ ಅಲ್ಲ, ಪಾತ್ರವರಿತು ಕೊಡುವುದು ಎಂದು ಹಿರಿಯರು ಹೇಳುತ್ತಾರೆ. ಆ ಮಾತು ನನಗೆ ಮನದಟ್ಟಾದದ್ದು ಯಾವ ಪುರಾಣಶ್ರವಣದಿಂದಲೂ ಅಲ್ಲ. ಬ್ಯಾಟರಾಯನಪುರದಲ್ಲಿ ನನ್ನ ತಂಗಿಯ ಮನೆಯ ಮಹಡಿಯ ಮೇಲೆ. ಹೊರಗೆ ಬಳ್ಳಾರಿ ರಸ್ತೆಯ ವಾಹನಗಳ ಮೊರೆತ. ಒಳಗೆ ಸೋದರಳಿಯನ ಕಂಪ್ಯೂಟರಿನ ಫ್ಯಾನಿನ ಮೊರೆತ. ಆ ಯಂತ್ರದ ಒಡಲಲ್ಲಿ ಒಂದೇ ಕಂಪನಿಯ ಎರಡು ಗ್ರಾಫಿಕ್ಸ್ ಕಾರ್ಡುಗಳಿವೆ. ಒಂದು ಹೊಸದು, ಬಲಶಾಲಿ, ಇನ್ನೊಂದು ಹಳೆಯದು.

ಪರದೆಯ ಮೇಲೆ ಚಿತ್ರ ಮೂಡಿಸಲೆಂದು ಹುಟ್ಟಿದ ಈ ಕಾರ್ಡುಗಳು ಸಾವಿರಾರು ಸಣ್ಣ ಲೆಕ್ಕಗಳನ್ನು ಏಕಕಾಲಕ್ಕೆ ಮಾಡಬಲ್ಲವು. ಬಿಡುವಿನ ವೇಳೆಯ ಆ ಶಕ್ತಿಯನ್ನು ಮನೆಮನೆಯಿಂದ ವಿಜ್ಞಾನಕ್ಕೆ ಧಾರೆಯೆರೆಯುವ ಪದ್ಧತಿಯೊಂದುಂಟು. ಪ್ರೋಟೀನುಗಳು ಮಡಿಚಿಕೊಳ್ಳುವ ಬಗೆಯನ್ನು ಅರಸುವ ‘ಫೋಲ್ಡಿಂಗ್ ಅಟ್ ಹೋಮ್’ 2000ದಲ್ಲಿ ಆರಂಭವಾಯಿತು. 2005ರಲ್ಲಿ ಆರಂಭವಾದ ‘ಐನ್‌ಸ್ಟೈನ್ ಅಟ್ ಹೋಮ್’ ನಕ್ಷತ್ರಗಳ ಕಡೆಗೆ ಕಿವಿಗೊಟ್ಟಿದೆ. 2010ರಲ್ಲಿ ಅಮೆರಿಕ ಮತ್ತು ಜರ್ಮನಿಯ ಸಾಮಾನ್ಯ ಸ್ವಯಂಸೇವಕರ ಯಂತ್ರಗಳು ಅದಕ್ಕೊಂದು ಹೊಸ ಪಲ್ಸಾರ್ ನಕ್ಷತ್ರವನ್ನೇ ಹುಡುಕಿಕೊಟ್ಟವು.

ಅಳಿಯನಿಗೆ ಎರಡರ ಮೇಲೂ ಆಸೆ. ಆಕಾಶದ ಹುಚ್ಚು ಅವನಿಗೆ ಚಿಕ್ಕಂದಿನಿಂದ ಬಂದದ್ದು. ಪ್ರೋಟೀನಿನ ಚಿಂತೆ ಈಚಿನದು. ಅವನ ತಾತ, ಎಂದರೆ ನನ್ನ ತಂದೆ, ಆಲ್ಜೈಮರ್ ರೋಗದಿಂದ ನಮ್ಮ ಹೆಸರುಗಳನ್ನೇ ಮರೆತಿದ್ದಾರೆ. ಆ ರೋಗಕ್ಕೆ ಸಂಬಂಧಿಸಿದ ಪ್ರೋಟೀನೂ ಫೋಲ್ಡಿಂಗ್ ಯೋಜನೆಯ ಅಧ್ಯಯನದಲ್ಲಿ ಸೇರಿದೆ.

ಆದರೆ ಮೊದಲ ವಾರ ಎರಡು ಕೆಲಸವೂ ಕುಂಟಿತು. ಐನ್‌ಸ್ಟೈನ್ ಯೋಜನೆಯ ಲೆಕ್ಕವನ್ನು ನಡೆಸುವ ‘ಬಾಯಿಂಕ್’ ತಂತ್ರಾಂಶ, ಬೇರೆ ಆಜ್ಞೆಯಿಲ್ಲದಿದ್ದರೆ ಹೆಚ್ಚು ಸಮರ್ಥವಾದ ಕಾರ್ಡನ್ನೇ ಹಿಡಿಯುತ್ತದೆ. ಫೋಲ್ಡಿಂಗಿಗೂ ಅವನು ಕೊಟ್ಟದ್ದು ಅದನ್ನೇ. ಒಂದೇ ಎತ್ತಿಗೆ ಎರಡು ನೇಗಿಲು. ಇನ್ನೊಂದು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿತ್ತು!

“ಹಳೆಯದನ್ನು ನಕ್ಷತ್ರಕ್ಕೆ ಕೊಡು ಎಂದು ಬರೆದರಾಯಿತಲ್ಲ?” ಎಂದೆ.

“ಹಾಗೆ ಬರೆಯುವುದಕ್ಕಾಗುವುದಿಲ್ಲ ಮಾವ. ಹೊಸದನ್ನು ಮುಟ್ಟಬೇಡ ಎಂದು ಬರೆಯಬೇಕು.”

ಬಾಯಿಂಕಿನ ಸಂರಚನಾ ಕಡತದಲ್ಲಿ ಕಾರ್ಡುಗಳ ಎಣಿಕೆ ಸೊನ್ನೆಯಿಂದ ತೊಡಗುತ್ತದೆ. ಯಾವ ಕಾರ್ಡಿಗೆ ಯಾವ ಅಂಕೆಯೆಂದು ತಂತ್ರಾಂಶದ ದಿನಚರಿಯಲ್ಲಿ ನೋಡಿ, ಹೊಸದರ ಅಂಕೆಯನ್ನು ನಮೂದಿಸಿ, ಅದನ್ನು ಕಡೆಗಣಿಸುವಂತೆ ಒಂದು ಸಾಲು ಸೇರಿಸಿದ. ತಂತ್ರಾಂಶವನ್ನು ಮುಚ್ಚಿ ತೆರೆದಾಗ ಹಳೆಯ ಕಾರ್ಡು ನಕ್ಷತ್ರಗಳ ಲೆಕ್ಕಕ್ಕೆ ತೊಡಗಿತು. ಹೊಸದು ಪ್ರೋಟೀನಿಗೆ ಮೀಸಲಾಯಿತು. ಬಾಯಿಂಕಿನೊಳಗಿನ ಎರಡು ಯೋಜನೆಗಳಿಗೇ ಕಾರ್ಡುಗಳನ್ನು ಹಂಚಬೇಕಾದರೂ ರೀತಿ ಇದೇ: ಈ ಯೋಜನೆಗೆ ಈ ಕಾರ್ಡು ಸಲ್ಲದು ಎಂದು ಒಂದೊಂದಕ್ಕೂ ಪ್ರತ್ಯೇಕವಾಗಿ ಬರೆಯಬೇಕು. ಒಂದು ಕಡೆ ‘ಬೇಡ’ ಎನ್ನದೆ ಇನ್ನೊಂದು ಕಡೆ ಪೂರ್ತಿಯಾಗಿ ಕೊಡಲಾಗದು ಎಂಬುದನ್ನು ಯಂತ್ರವೂ ಬಲ್ಲದು.

ಮನೆಯ ಲೆಕ್ಕ ಬೇರೆ ಇದ್ದೇ ಇದೆಯಲ್ಲ! ಎರಡೂ ಕಾರ್ಡುಗಳು ಕೂಡಿ 300 ವಾಟ್ ಎಳೆದರೆ ಹಗಲಿರುಳಿಗೆ 7 ಯೂನಿಟ್‌ಗೂ ಮೇಲೆ. “ದಾನ ನಿನ್ನದು, ಬಿಲ್ಲು ನಮ್ಮದೇನೋ?” ಎಂದು ತಂಗಿ ಕೇಳಿದಳು. ಅಲ್ಲಿಯೂ ಒಂದು ‘ಬೇಡ’ ಬಿತ್ತು. ಈಗ ದುಡಿಮೆ ರಾತ್ರಿ ಎಂಟು ಗಂಟೆಗಳ ಕಾಲ ಮಾತ್ರ, 2.4 ಯೂನಿಟ್.

ಈ ಲೆಕ್ಕಗಳ ಫಲ ನನ್ನ ತಂದೆಯ ಕಾಲಕ್ಕೆ ಒದಗಲಾರದು. ಅದು ಅಳಿಯನಿಗೂ ಗೊತ್ತು. ನಾನು ಹೊರಡುವ ಹೊತ್ತಿಗೆ ರಾತ್ರಿ ಹತ್ತಾಗಿತ್ತು. ತಂದೆ ಬಾಗಿಲಲ್ಲಿ ನಿಂತು, “ಏನಪ್ಪಾ ಅದು ಸದ್ದು?” ಎಂದರು.

“ಕೆಲಸ ನಡೀತಿದೆ ತಾತ,” ಎಂದ ಹುಡುಗ.

“ನಡೀಲಿ, ನಡೀಲಿ,” ಎಂದು ಅವರು ಮಲಗಲು ಹೋದರು.