ಟ್ರ್ಯಾಕ್ಟರಿನ ಕೀಲಿಕೈ ಮುರಿದಲ್ಲಿ ಅನುಸರಿಸತಕ್ಕ ಕ್ರಮ

ಟ್ರ್ಯಾಕ್ಟರಿನ ಕೀಲಿಕೈಯು ಸ್ವಿಚ್ಚಿನೊಳಗೆ ಮುರಿದಲ್ಲಿ, ಕೆಲವರು ನೆಲದ ಮೇಲೆ ನಿಂತು, ಸ್ಟಾರ್ಟರಿನ ತಿರುಪುಗಳಿಗೆ ಸ್ಕ್ರೂಡ್ರೈವರನ್ನು ಅಡ್ಡಲಾಗಿ ತಗುಲಿಸಿ ಇಂಜಿನನ್ನು ನಡೆಯಿಸುವುದುಂಟು. ಇದು ಪ್ರಾಣಾಪಾಯಕರವಾದುದು. ಗೇರು ಬಿದ್ದಿದ್ದರೆ ಟ್ರ್ಯಾಕ್ಟರು ತಟಕ್ಕನೆ ಚಲಿಸಿ, ಹಿಂದಿನ ಚಕ್ರವು ನಿಂತವನ ಮೇಲೆಯೇ ಹಾಯ್ದೀತು.

ಮೊದಲು ಗೇರನ್ನು ತಪ್ಪಿಸಿ, ಬ್ರೇಕನ್ನು ಬಿಗಿಯತಕ್ಕದ್ದು. ಇಂಜಿನು ಓಡುತ್ತಿದ್ದರೆ, ಡೀಸೆಲನ್ನು ತಡೆಯುವ ಗುಂಡಿಯನ್ನು ಎಳೆದು ನಿಲ್ಲಿಸಬೇಕು. ಅನಂತರ ಬ್ಯಾಟರಿಯ ಋಣತಂತಿಯನ್ನು ಕಳಚಿ, ಮುರಿದ ತುಂಡನ್ನು ಸಣ್ಣ ಮೂತಿಯ ಇಕ್ಕಳದಿಂದ ನೇರವಾಗಿ ಎಳೆಯಬೇಕು. ಅದು ಬಾರದಿದ್ದಲ್ಲಿ ಸ್ವಿಚ್ಚನ್ನೇ ಬದಲಾಯಿಸುವುದು ಲೇಸು.

ಕೀಲಿಕೈಗೆ ಭಾರವಾದ ಗೊಂಚಲನ್ನು ತೂಗಹಾಕಬಾರದು. ಎಣ್ಣೆಯು ಧೂಳನ್ನು ಹಿಡಿಯುವುದರಿಂದ, ಬಿಗಿಯಾದ ಬೀಗಕ್ಕೆ ಗ್ರಾಫೈಟ್ ಪುಡಿಯನ್ನು ಹಾಕುವುದು ಉತ್ತಮ. ಎರಡನೆಯ ಕೀಲಿಕೈಯನ್ನು ಮನೆಯಲ್ಲಿ ಜೋಪಾನವಾಗಿಡತಕ್ಕದ್ದು.

ಗ್ರಾಮದ ಮುಖಂಡರೂ ಭೂಮಾಲೀಕರೂ ಈ ಸಂಗತಿಯನ್ನು ತಮ್ಮ ಚಾಲಕರಿಗೆ ತಿಳಿಯಪಡಿಸಬೇಕಾಗಿ ಕೋರಲಾಗಿದೆ.